ಟಾಮಿಗೆ ಹುಚ್ಚಲ್ಲ, ಹುರುಪು!

"ನಾಯಿಗೆ ಕೆಲಸವಿಲ್ಲ, ನಿಲ್ಲಲು ಪುರುಸೊತ್ತಿಲ್ಲ" ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಮಾಡಲು ಏನೂ ಕೆಲಸವಿಲ್ಲದಿದ್ದರೂ ಅತ್ತಿಂದಿತ್ತ ಓಡಾಡುತ್ತಲೇ ಇರುವವರನ್ನು ಕಂಡು ಹುಟ್ಟಿದ ಮಾತಿದು. ಆದರೆ ಗಾದೆಯಲ್ಲಿರುವ ಆ ನಾಯಿ ಹಾಗೇಕೆ ಓಡುತ್ತದೆ ಎಂದು ನಾವು ಯೋಚಿಸುವುದಿಲ್ಲ. ಕಳೆದ ಬೇಸಿಗೆಯ ಒಂದು ಭಾನುವಾರದವರೆಗೆ ನಾನೂ ಯೋಚಿಸಿರಲಿಲ್ಲ.

ಅಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕ್ಲಿನಿಕ್ ಮುಚ್ಚಿ ಹೊರಡುವುದರಲ್ಲಿದ್ದೆ. ಆಗ ನಮ್ಮ ಬೀದಿಯ ಹೈಸ್ಕೂಲು ಮೇಷ್ಟ್ರು ತಮ್ಮ ಒಂಬತ್ತು ವರ್ಷದ ಮಗಳನ್ನು ಎತ್ತಿಕೊಂಡು ಬಂದರು. ಹಿಂದೆಯೇ ಅವರ ಪತ್ನಿ, ಪಿಯುಸಿ ಓದುವ ಮಗ, ಎಲ್ಲರ ಹಿಂದೆ ಏದುಸಿರು ಬಿಡುತ್ತಾ ಅಜ್ಜಿ. ಮಗುವಿನ ಮೊಣಕಾಲಿನ ಕೆಳಗೆ ಉಗುರು ಗೀರಿದ ಎರಡು ಗೆರೆಗಳು. ಅದರ ಮೇಲೆ ಯಾರೋ ಕಾಫಿಪುಡಿ ಒತ್ತಿದ್ದರು. ಒಂದು ಗೆರೆಯಲ್ಲಿ ರಕ್ತ ಒಸರಿ ಹೆಪ್ಪುಗಟ್ಟಿತ್ತು.

"ಡಾಕ್ಟ್ರಪ್ಪಾ, ನಮ್ಮ ಟಾಮಿಗೆ ಹುಚ್ಚು ಹಿಡಿದುಬಿಟ್ಟಿದೆ" ಎಂದರು ಅಜ್ಜಿ.

ನಡೆದದ್ದು ಇಷ್ಟು. ಟಾಮಿ ಎಂಟು ತಿಂಗಳ ಬೀದಿನಾಯಿ ಮರಿ. ಮಳೆಯಲ್ಲಿ ನೆನೆಯುತ್ತಿದ್ದ ಅದನ್ನು ಮಗಳೇ ಮನೆಗೆ ತಂದು ಸಾಕಿದ್ದಳು. ಆ ದಿನ ಬೆಳಿಗ್ಗೆ ಅಣ್ಣ ತಂಗಿ ಸೇರಿ ಹಿತ್ತಲಿನ ನಲ್ಲಿಯ ಕೆಳಗೆ ಅದಕ್ಕೆ ಮೊದಲ ಬಾರಿಗೆ ಶಾಂಪೂ ಹಾಕಿ ಸ್ನಾನ ಮಾಡಿಸಿದರು. ಸರಪಳಿ ಬಿಚ್ಚಿದ್ದೇ ತಡ, ಮರಿ ಬಾಲವನ್ನು ಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡು, ಕಿವಿಗಳನ್ನು ಹಿಂದಕ್ಕೆ ಚಪ್ಪಟೆ ಮಾಡಿಕೊಂಡು, ಬೆನ್ನು ಬಗ್ಗಿಸಿ ಓಟ ಕಿತ್ತಿತು. ತುಳಸಿಕಟ್ಟೆಯನ್ನು ಎರಡು ಸುತ್ತು ಹಾಕಿತು. ಹಿಂಬಾಗಿಲಿನಿಂದ ಒಳಗೆ ನುಗ್ಗಿ, ಸೋಫಾ ಹತ್ತಿ ಇಳಿದು, ಮುಂಬಾಗಿಲಿನಿಂದ ಹೊರಗೆ ಹಾರಿ, ಮತ್ತೆ ಹಿತ್ತಲಿಗೆ ಬಂತು. ಆ ಭರದಲ್ಲಿ ಅಡ್ಡ ಬಂದ ಮಗುವಿನ ಕಾಲಿಗೆ ಉಗುರು ತಗುಲಿತು. ಕಾಂಪೌಂಡಿನಾಚೆ ನಿಂತು ನೋಡುತ್ತಿದ್ದವರು "ಇದಕ್ಕೆ ಹುಚ್ಚು ಹಿಡಿದಿದೆ, ಬಿಡಬೇಡಿ" ಎಂದು ತೀರ್ಪು ಕೊಟ್ಟರು. ಮರಿಯನ್ನು ತೆಂಗಿನ ಮರಕ್ಕೆ ಕಟ್ಟಿಹಾಕಿದ್ದಾಯಿತು. ಸಂಜೆಯೊಳಗೆ ಗೋಣಿಚೀಲಕ್ಕೆ ತುಂಬಿ ಊರಾಚೆ ಸಾಗಿಸಲು ಇಬ್ಬರು ಸಿದ್ಧರಾಗಿದ್ದರು. ಮಗು ಅಳುತ್ತಿದ್ದದ್ದು ಕಾಲಿನ ನೋವಿಗಲ್ಲ.

ನಾನು ಮನುಷ್ಯರ ವೈದ್ಯ, ಪಶುವೈದ್ಯನಲ್ಲ. ಆದರೆ ಇಂಥ ಸಂದರ್ಭದಲ್ಲಿ ಜನ ಮೊದಲು ಬರುವುದು ನಮ್ಮ ಬಳಿಗೇ. ಗಾಯವನ್ನು ಸೋಪು ನೀರಿನಿಂದ ತೊಳೆಯುವಂತೆ ನರ್ಸಮ್ಮನಿಗೆ ಹೇಳಿ, ಮೇಷ್ಟ್ರನ್ನು ಕೆಲವು ಪ್ರಶ್ನೆ ಕೇಳಿದೆ. ನಿನ್ನೆ ಮರಿ ಸರಿಯಾಗಿ ಊಟ ಮಾಡಿತ್ತೇ? ಓಟ ಎಷ್ಟು ಹೊತ್ತು ನಡೆಯಿತು? ನಿಂತ ಮೇಲೆ ಏನು ಮಾಡಿತು? ಹೆಸರು ಹಿಡಿದು ಕರೆದರೆ ನೋಡಿತೇ? ಅಷ್ಟರಲ್ಲಿ ಮಗ ತನ್ನ ಮೊಬೈಲ್ ಮುಂದೆ ಹಿಡಿದ. ಅವನು ಎಲ್ಲವನ್ನೂ ವಿಡಿಯೊ ಮಾಡಿದ್ದ. ಅದರಲ್ಲಿ ಮರಿ ಓಟದ ನಡುವೆ ಒಮ್ಮೆ ಗಕ್ಕನೆ ನಿಂತಿತು. ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಎದೆ ತಗ್ಗಿಸಿ, ಹಿಂಭಾಗವನ್ನು ಮೇಲೆತ್ತಿ, ಮಗುವಿನ ಮುಖವನ್ನೇ ನೋಡಿ, ಮತ್ತೆ ಚಂಗನೆ ಹಾರಿತು. ಕೊನೆಗೆ ಮರದ ನೆರಳಿನಲ್ಲಿ ನಾಲಿಗೆ ಚಾಚಿ ಮಲಗಿತು. "ಟಾಮೀ" ಎಂದು ಮಗು ಕರೆದಾಗ ಬಾಲ ನೆಲಕ್ಕೆ ಬಡಿಯಿತು.

"ಅಜ್ಜಿ, ಇದು ಹುಚ್ಚಿನ ಹಾಗೆ ಕಾಣುವುದಿಲ್ಲ. ಆಟದ ಹಾಗೆ ಕಾಣುತ್ತದೆ" ಎಂದೆ. ಆದರೂ ಪಶುವೈದ್ಯರಿಗೆ ತೋರಿಸಲೇಬೇಕೆಂದು ಹೇಳಿದೆ. ಸಂಜೆ ನೋಡಿದ ಪಶುವೈದ್ಯರೂ ಅದನ್ನೇ ಹೇಳಿದರು.

ಏನಿದು ಓಟ?

ನಾಯಿ ಸಾಕಿದ ಮನೆಗಳಲ್ಲಿ ಇದು ಹೊಸದಲ್ಲ. ಸುಮ್ಮನೆ ಮಲಗಿದ್ದ ನಾಯಿ ಒಮ್ಮೆಲೇ ಎದ್ದು, ಬೆನ್ನಟ್ಟುವವರು ಯಾರೂ ಇಲ್ಲದಿದ್ದರೂ ಬೆನ್ನಟ್ಟಿಸಿಕೊಂಡಂತೆ ಓಡುತ್ತದೆ. ಸುತ್ತು ಹಾಕುತ್ತದೆ, ಚಕ್ಕನೆ ದಿಕ್ಕು ಬದಲಿಸುತ್ತದೆ, ಕೆಲವೊಮ್ಮೆ ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ಇದು ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳವರೆಗೆ ನಡೆಯಬಹುದು. ಆಮೇಲೆ ಏನೂ ಆಗದಂತೆ ನೀರು ಕುಡಿದು ಮಲಗುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ಆಡುಮಾತಿನ ಹೆಸರು 'ಝೂಮೀಸ್'. ಪ್ರಾಣಿವರ್ತನೆಯ ತಜ್ಞರು ಇದನ್ನು 'ಫ್ರೆನೆಟಿಕ್ ರ್ಯಾಂಡಮ್ ಆಕ್ಟಿವಿಟಿ ಪೀರಿಯಡ್ಸ್' ಎಂದು ಕರೆಯುತ್ತಾರೆ. ಗೊತ್ತುಗುರಿಯಿಲ್ಲದ ಆವೇಶದ ಚಟುವಟಿಕೆಯ ಅವಧಿಗಳು ಎಂದು ಅರ್ಥ. ಹೆಸರು ದೊಡ್ಡದಾದರೂ ಇದು ಕಾಯಿಲೆಯ ಹೆಸರಲ್ಲ. ಆರೋಗ್ಯವಂತ ನಾಯಿಯ ಸಹಜ ವರ್ತನೆಗೆ ಕೊಟ್ಟ ಹೆಸರು.

ಮರಿಗಳಲ್ಲಿ ಮತ್ತು ಎರಡು ಮೂರು ವರ್ಷದೊಳಗಿನ ಎಳೆಯ ನಾಯಿಗಳಲ್ಲಿ ಇದು ಹೆಚ್ಚು. ವಯಸ್ಸಾದಂತೆ ಕಡಿಮೆಯಾಗುತ್ತದೆ. ಆದರೆ ಎಂಟು ಹತ್ತು ವರ್ಷದ ನಾಯಿಯೂ ಒಮ್ಮೊಮ್ಮೆ ಮರಿಯಂತೆ ಕುಣಿದರೆ ಆಶ್ಚರ್ಯಪಡಬೇಕಾಗಿಲ್ಲ. ಬೆಕ್ಕುಗಳಲ್ಲಿಯೂ ಇದು ಉಂಟು. ಕೊಟ್ಟಿಗೆಯ ಬಾಗಿಲು ತೆರೆದೊಡನೆ ಎಳೆಗರು ಬಾಲ ಎತ್ತಿ ಚಿಮ್ಮುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿದ್ದೇವೆ. ಕರುವಿಗೆ ಹುಚ್ಚು ಹಿಡಿಯಿತೆಂದು ಯಾರೂ ಹೇಳುವುದಿಲ್ಲ. ನಾಯಿಯ ವಿಷಯದಲ್ಲಿ ಮಾತ್ರ ಆ ಮಾತು ತಟ್ಟನೆ ಬಾಯಿಗೆ ಬರುತ್ತದೆ.

ಕಾರಣಗಳೇನು?

ಮೊದಲನೆಯದು, ಕೂಡಿಟ್ಟ ಶಕ್ತಿ. ಬೆಳಿಗ್ಗೆ ಒಂಬತ್ತಕ್ಕೆ ಮನೆಯವರೆಲ್ಲ ಕೆಲಸಕ್ಕೆ, ಶಾಲೆಗೆ ಹೊರಟರೆ ನಾಯಿ ಸಂಜೆಯವರೆಗೆ ಸರಪಳಿಯಲ್ಲೋ ಮುಚ್ಚಿದ ಫ್ಲ್ಯಾಟಿನಲ್ಲೋ ಇರುತ್ತದೆ. ಗಂಟೆಗಟ್ಟಲೆ ತಡೆದುಕೊಂಡದ್ದು ಸಂಜೆ ಒಮ್ಮೆಲೇ ಹೊರಬರುತ್ತದೆ. ಶಾಲೆಯ ಕೊನೆಯ ಗಂಟೆ ಬಾರಿಸಿದಾಗ ಮಕ್ಕಳು ಗೇಟಿನ ಕಡೆಗೆ ಓಡುವುದನ್ನು ನೆನಪಿಸಿಕೊಳ್ಳಿ. ಇದೂ ಹಾಗೆಯೇ.

ಎರಡನೆಯದು, ದಿನದ ಹೊತ್ತು. ನಾಯಿ ಮತ್ತು ಅದರ ಬಂಧುವಾದ ತೋಳ ಮುಂಜಾವು ಮತ್ತು ಮುಸ್ಸಂಜೆಯಲ್ಲಿ ಹೆಚ್ಚು ಚುರುಕಾಗಿರುವ ಪ್ರಾಣಿಗಳು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ನಿಮ್ಮ ನಾಯಿ ಅಂಗಳವನ್ನು ಸುತ್ತತೊಡಗಿದರೆ ಅದಕ್ಕೆ ಇದೂ ಒಂದು ಕಾರಣ.

ಮೂರನೆಯದು, ಸ್ನಾನ. ಹೆಚ್ಚಿನ ನಾಯಿಗಳಿಗೆ ಸ್ನಾನವೆಂದರೆ ಒತ್ತಾಯದ ಕೆಲಸ. ಹಿಡಿದುಕೊಂಡಿದ್ದ ಕೈಗಳು ಬಿಟ್ಟೊಡನೆ ಬಿಡುಗಡೆಯ ಹಿಗ್ಗು. ಜೊತೆಗೆ ಮೈಮೇಲೆ ಒದ್ದೆ ಕೂದಲಿನ ಭಾರ, ಒಗ್ಗದ ಶಾಂಪೂವಿನ ವಾಸನೆ. ವಾಸನೆಯ ಮೂಲಕವೇ ಲೋಕವನ್ನು ತಿಳಿಯುವ ಪ್ರಾಣಿಗೆ ತನ್ನ ಮೈವಾಸನೆ ಬದಲಾಗುವುದು ಸಣ್ಣ ವಿಷಯವಲ್ಲ. ಓಡಿ, ಕೊಡವಿ, ಮಣ್ಣಿನಲ್ಲಿ ಹೊರಳಿ ಅದು ತನ್ನ ಹಳೆಯ ಮೈಯನ್ನು ಮರಳಿ ಪಡೆಯಲು ಹೊರಡುತ್ತದೆ. ಟಾಮಿಗೆ ಆದದ್ದು ಇದೇ.

ನಾಲ್ಕನೆಯದು, ಸಂತೋಷ. ಯಜಮಾನರ ಸ್ಕೂಟರಿನ ಸದ್ದು ಕೇಳಿದಾಗ, ಊರಿಗೆ ಹೋಗಿದ್ದ ಮಕ್ಕಳು ಮರಳಿದಾಗ, ಹೊಸ ಗೆಳೆಯ ನಾಯಿ ಸಿಕ್ಕಾಗ ಹೀಗೆ ಓಡುವುದುಂಟು. ಮಲವಿಸರ್ಜನೆಯ ನಂತರ ಓಡುವ ನಾಯಿಗಳೂ ಇವೆ. ಮಕ್ಕಳಿಗೆ ಇದು ನಗುವಿನ ವಿಷಯ. ಹೊಟ್ಟೆ ಹಗುರಾದ ನೆಮ್ಮದಿಯನ್ನು ನಾವು ಬಾಯಿಂದ ಹೇಳುತ್ತೇವೆ, ನಾಯಿ ಕಾಲಿನಿಂದ ಹೇಳುತ್ತದೆ, ಅಷ್ಟೇ ವ್ಯತ್ಯಾಸ.

ತಳಿಯೂ ಸ್ವಲ್ಪ ಮಟ್ಟಿಗೆ ಲೆಕ್ಕಕ್ಕೆ ಬರುತ್ತದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಬೇಟೆಯನ್ನು ಕಣ್ಣಿನಿಂದ ಕಂಡು, ಓಡಿ ಹಿಡಿಯಲೆಂದೇ ಬೆಳೆಸಿದ ತಳಿ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಇಂಥ ನಾಯಿಯನ್ನು ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಸಾಕಿ, "ಇದು ಬಹಳ ತುಂಟ, ಸುಮ್ಮನೆ ಕೂರುವುದೇ ಇಲ್ಲ" ಎಂದು ದೂರುವುದು ನ್ಯಾಯವಲ್ಲ.

ಆಟದ ಸನ್ನೆ

ವಿಡಿಯೊದಲ್ಲಿ ನಾನು ಕಂಡ ಆ ಭಂಗಿಯ ಬಗ್ಗೆ ಎರಡು ಮಾತು. ಎದೆ ತಗ್ಗಿಸಿ ಹಿಂಭಾಗ ಎತ್ತುವ ಆ ನಮಸ್ಕಾರ ನಾಯಿಗಳ ಭಾಷೆಯಲ್ಲಿ ಆಟದ ಆಹ್ವಾನ. ಅಮೆರಿಕದ ಪ್ರಾಣಿವರ್ತನೆ ತಜ್ಞ ಮಾರ್ಕ್ ಬೆಕಾಫ್ ನಾಯಿ, ತೋಳ ಮತ್ತು ಕಯೋಟಿ ಮರಿಗಳ ಆಟವನ್ನು ಗಮನಿಸಿ 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಚ್ಚಿ ತಲೆ ಅಲುಗಿಸುವಂಥ, ಜಗಳವೆಂದು ತಪ್ಪು ತಿಳಿಯಬಹುದಾದ ಆಟದ ಹಿಂದೆ ಮುಂದೆ ಮರಿಗಳು ಈ ನಮಸ್ಕಾರವನ್ನು ಮಾಡುತ್ತವೆಂದು ಅವರು ತೋರಿಸಿದರು. "ಈಗ ಮಾಡಿದ್ದು, ಇನ್ನು ಮಾಡುವುದು ಎಲ್ಲವೂ ತಮಾಷೆಗೆ" ಎಂದು ಹೇಳಿದಂತೆ.

ಆದ್ದರಿಂದ ಓಡುವ ನಾಯಿಯ ಕಾಲನ್ನು ನೋಡಿ ಗಾಬರಿಯಾಗುವ ಬದಲು ಅದರ ಇಡೀ ಮೈಯನ್ನು ನೋಡುವುದನ್ನು ಕಲಿಯಬೇಕು. ಹುರುಪಿನ ಓಟದಲ್ಲಿ ಮೈ ಸಡಿಲವಾಗಿರುತ್ತದೆ. ಬಾಯಿ ಅರೆ ತೆರೆದಿರುತ್ತದೆ. ಗೋಡೆ, ಕುರ್ಚಿಗಳನ್ನು ತಪ್ಪಿಸಿಕೊಂಡು ಓಡುತ್ತದೆ. ಅಂದರೆ ಎಚ್ಚರ ಪೂರ್ತಿ ಇದೆ. ನಡುವೆ ನಿಮ್ಮ ಕಡೆಗೆ ನೋಡುತ್ತದೆ. ನಿಂತ ಮೇಲೆ ಕರೆದರೆ ಬರುತ್ತದೆ, ತಿನ್ನುತ್ತದೆ, ನೀರು ಕುಡಿಯುತ್ತದೆ.

ಕಾಯಿಲೆಯ ಓಟ ಬೇರೆ

ಎಲ್ಲ ಓಟವೂ ಹುರುಪಲ್ಲ. ಕೆಲವು ಕಾಯಿಲೆಗಳು ಸಹ ಹಠಾತ್ ಚಟುವಟಿಕೆಯ ವೇಷದಲ್ಲಿ ಬರುತ್ತವೆ.

ಫಿಟ್ಸ್ ಬಂದಾಗ ನಾಯಿ ಹೆಚ್ಚಾಗಿ ಪಕ್ಕಕ್ಕೆ ಬಿದ್ದು, ಮೈ ಸೆಟೆದು, ಈಜುವಂತೆ ಕಾಲುಗಳನ್ನು ಬಡಿಯುತ್ತದೆ. ಜೊಲ್ಲು ಸುರಿಯುತ್ತದೆ, ಮೂತ್ರ ಹೋಗಬಹುದು, ಕರೆದರೆ ಅರಿವಿರುವುದಿಲ್ಲ. ಮುಗಿದ ಮೇಲೂ ಸ್ವಲ್ಪ ಹೊತ್ತು ಮಂಕಾಗಿ ತೂರಾಡುತ್ತದೆ. ಇಂಥ ವೇಳೆ ಬಾಯಿಗೆ ಕೈ ಹಾಕಬಾರದು, ಈರುಳ್ಳಿ, ಕಬ್ಬಿಣ ಎಂದು ಹುಡುಕಬಾರದು. ತಲೆಗೆ ಪೆಟ್ಟಾಗದಂತೆ ಸುತ್ತಲಿನ ವಸ್ತುಗಳನ್ನು ಸರಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಒಂದರ ಹಿಂದೆ ಒಂದು ಬಂದರೆ ಅದು ತುರ್ತು ಸ್ಥಿತಿ.

ವಿಷದಿಂದಲೂ ನಾಯಿ ಚಡಪಡಿಸುತ್ತದೆ. ಮಕ್ಕಳು ಪ್ರೀತಿಯಿಂದ ಕೊಡುವ ಚಾಕೊಲೇಟಿನಲ್ಲಿ ಥಿಯೋಬ್ರೋಮಿನ್ ಎಂಬ ಅಂಶವಿದೆ. ನಮ್ಮ ದೇಹ ಅದನ್ನು ಬೇಗ ಕರಗಿಸುತ್ತದೆ, ನಾಯಿಯ ದೇಹಕ್ಕೆ ಆಗುವುದಿಲ್ಲ. ಕಪ್ಪು ಚಾಕೊಲೇಟಿನಲ್ಲಿ ಇದು ಇನ್ನೂ ಹೆಚ್ಚು. ಕಾಫಿ, ಟೀ ಪುಡಿಯೂ ಒಳ್ಳೆಯದಲ್ಲ. ವಾಂತಿ, ನಿಲ್ಲದ ಓಡಾಟ, ಎದೆಬಡಿತ ಹೆಚ್ಚಾಗುವುದು, ನಡುಕ ಇದರ ಲಕ್ಷಣಗಳು. ಇಲಿಪಾಷಾಣ, ತೋಟಕ್ಕೆ ಹೊಡೆಯುವ ಕೀಟನಾಶಕ ತಗುಲಿದಾಗಲೂ ಹೀಗೆ ಆಗಬಹುದು.

ನೋವು, ತುರಿಕೆ ಮೂರನೆಯದು. ನಾಯಿ ಇದ್ದಕ್ಕಿದ್ದಂತೆ ಎದ್ದು ನಾಲ್ಕು ಹೆಜ್ಜೆ ಓಡಿ, ಕುಳಿತು, ತನ್ನ ಬಾಲದ ಬುಡವನ್ನೇ ಕಚ್ಚಿಕೊಂಡರೆ ಚಿಗಟ ಅಥವಾ ಉಣ್ಣೆಯನ್ನು ಹುಡುಕಿ. ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತಾ ಸಾಗಿದರೆ ಗುದದ ಬಳಿಯ ಗ್ರಂಥಿಗಳು ತುಂಬಿರಬಹುದು. ತಲೆ ಒದರುತ್ತಾ ಓಡಿದರೆ ಕಿವಿಯೊಳಗೆ ನೋಡಿಸಿ. ಇನ್ನು ಬಾಲವನ್ನೋ ನೆರಳನ್ನೋ ಗಂಟೆಗಟ್ಟಲೆ ಬೆನ್ನಟ್ಟುತ್ತಾ, ಕರೆದರೂ ನಿಲ್ಲಿಸಲಾಗದಿದ್ದರೆ ಅದು ಆಟವಲ್ಲ, ಗೀಳು. ಅದಕ್ಕೂ ಚಿಕಿತ್ಸೆಯಿದೆ.

ಇನ್ನು ಎಲ್ಲರ ಮನಸ್ಸಿನಲ್ಲಿರುವ ರೇಬಿಸ್. ರೇಬಿಸ್ ಬಂದ ನಾಯಿ ಎರಡು ನಿಮಿಷ ಓಡಿ, ನೀರು ಕುಡಿದು, ಬಾಲ ಅಲ್ಲಾಡಿಸಿ ಮಲಗುವುದಿಲ್ಲ. ಅದರ ಸ್ವಭಾವವೇ ಬದಲಾಗುತ್ತದೆ. ಸಾಧುವಾಗಿದ್ದದ್ದು ಸಿಡುಕಾಗುತ್ತದೆ, ಮುಂಗೋಪಿಯಾಗಿದ್ದದ್ದು ಅತಿಯಾಗಿ ಅಂಟಿಕೊಳ್ಳಬಹುದು. ಊಟ ಬಿಡುತ್ತದೆ. ಕಲ್ಲು, ಕಟ್ಟಿಗೆ, ಸರಪಳಿ ಏನು ಸಿಕ್ಕರೂ ಕಚ್ಚುತ್ತದೆ. ಬೊಗಳುವ ದನಿ ಒಡೆಯುತ್ತದೆ. ಮನೆ ಬಿಟ್ಟು ದೂರ ಅಲೆಯುತ್ತದೆ. ಕೆಳದವಡೆ ಜೋತು ಜೊಲ್ಲು ಸುರಿಯುತ್ತದೆ, ಹಿಂಗಾಲು ಸೋಲುತ್ತವೆ, ಕೆಲವೇ ದಿನಗಳಲ್ಲಿ ಸಾವು. ಕೆಲವು ನಾಯಿಗಳಲ್ಲಿ ಆರ್ಭಟವೇ ಇರುವುದಿಲ್ಲ. ಮೂಲೆ ಸೇರಿ, ಮಂಕಾಗಿ, ಪಾರ್ಶ್ವವಾಯುವಿನಿಂದ ಸಾಯುತ್ತವೆ. ಇದು ಇನ್ನೂ ಅಪಾಯಕಾರಿ, ಏಕೆಂದರೆ ಗಂಟಲಿಗೆ ಮೂಳೆ ಸಿಕ್ಕಿದೆಯೆಂದು ಜನ ಬಾಯಿಗೆ ಕೈ ಹಾಕುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಹುಚ್ಚುನಾಯಿ ನೀರಿಗೆ ಹೆದರುತ್ತದೆ, ಆದ್ದರಿಂದ ನೀರು ಕುಡಿದರೆ ರೇಬಿಸ್ ಇಲ್ಲ ಎಂದು ಬಟ್ಟಲಿನಲ್ಲಿ ನೀರಿಟ್ಟು ಪರೀಕ್ಷಿಸುವವರಿದ್ದಾರೆ. ನೀರಿನ ಭಯ ಮನುಷ್ಯರ ರೇಬಿಸ್ ಲಕ್ಷಣ. ನಾಯಿಗೆ ಅದು ಕಾಣಿಸಿಕೊಳ್ಳುವುದಿಲ್ಲ. ರೋಗಪೀಡಿತ ನಾಯಿ ನೀರಿಗೆ ಬಾಯಿ ಹಾಕಲೂಬಹುದು, ನುಂಗಲು ಆಗುವುದಿಲ್ಲ ಅಷ್ಟೇ. ಈ ಒಂದು ಪರೀಕ್ಷೆಯನ್ನು ನಂಬಬೇಡಿ.

ಪಶುವೈದ್ಯರ ಬಳಿಗೆ ಯಾವಾಗ?

ಕೆಳಗಿನ ಯಾವುದೇ ಒಂದು ಕಂಡರೂ ತಡಮಾಡಬಾರದು:

* ಓಟದ ನಡುವೆ ಬೀಳುವುದು, ಗೋಡೆಗೆ ಡಿಕ್ಕಿ ಹೊಡೆಯುವುದು, ಕರೆದರೆ ಅರಿವಿಲ್ಲದಿರುವುದು.
* ನಿಂತು ಅರ್ಧ ಗಂಟೆಯಾದರೂ ಏದುಸಿರು ಇಳಿಯದಿರುವುದು, ನಾಲಿಗೆ, ವಸಡು ಕಡುಕೆಂಪು ಅಥವಾ ನೀಲಿಯಾಗುವುದು.
* ಹೊಟ್ಟೆ ಉಬ್ಬಿ, ವಾಂತಿ ಬರುವಂತೆ ಪದೇ ಪದೇ ಓಕರಿಸಿದರೂ ಏನೂ ಬರದಿರುವುದು.
* ಕುಂಟುವುದು, ಮುಟ್ಟಿದರೆ ಕಿರುಚುವುದು.
* ಊಟ ಬಿಟ್ಟು, ಸ್ವಭಾವ ಬದಲಾಗುವುದು.
* ಇದುವರೆಗೆ ಶಾಂತವಾಗಿದ್ದ ಮುದಿ ನಾಯಿ ರಾತ್ರಿಯಿಡೀ ಗೊತ್ತಿಲ್ಲದ ಮನೆಗೆ ಬಂದಂತೆ ಅಲೆಯುವುದು.

ಸಾಧ್ಯವಾದರೆ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ನಾಯಿ ಬಾಲ ಮುದುಡಿ ಸುಮ್ಮನೆ ನಿಂತಿರುತ್ತದೆ. ಮನೆಯಲ್ಲಿ ನಡೆದದ್ದನ್ನು ವಿಡಿಯೊ ಹೇಳುತ್ತದೆ. ನಾಯಿಯ ಸಹಜ ಮೈಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮಗಿಂತ ಹೆಚ್ಚು ಎಂಬುದೂ ತಿಳಿದಿರಲಿ. ಕಿವಿ ಮುಟ್ಟಿ "ಜ್ವರ ಬಂದಿದೆ" ಎಂದು ಮನೆಯಲ್ಲಿರುವ ಜ್ವರದ ಮಾತ್ರೆ, ನೋವಿನ ಮಾತ್ರೆ ತಿನ್ನಿಸುವವರಿದ್ದಾರೆ. ನಮಗೆ ಹಿತವಾದ ಪ್ಯಾರಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಹುದು. "ಸುಮ್ಮನೆ ಮಲಗಲಿ" ಎಂದು ನಿದ್ದೆಮಾತ್ರೆ ಕೊಡುವುದಂತೂ ಅಪರಾಧಕ್ಕೆ ಸಮ.

ಮನೆಯಲ್ಲಿ ಏನು ಮಾಡಬೇಕು?

ಹುರುಪಿನ ಓಟವನ್ನು ನಿಲ್ಲಿಸಬೇಕಾಗಿಲ್ಲ. ಅದಕ್ಕೆ ಸುರಕ್ಷಿತ ಜಾಗ ಒದಗಿಸಿದರೆ ಸಾಕು. ಮೊದಲು ಗೇಟು ಮುಚ್ಚಿ. ಈ ಭರದಲ್ಲಿ ರಸ್ತೆಗೆ ಹಾರಿ ವಾಹನಕ್ಕೆ ಸಿಕ್ಕ ನಾಯಿಗಳು ಎಷ್ಟೋ. ತಗ್ಗು ಗೋಡೆಯ ತಾರಸಿ, ಮೆಟ್ಟಿಲು, ತೆರೆದ ಸಂಪು ಇವುಗಳಿಂದ ದೂರವಿಡಿ. ನುಣುಪಾದ ಗ್ರಾನೈಟ್, ಟೈಲ್ಸ್ ನೆಲದಲ್ಲಿ ಜಾರಿ ಮಂಡಿಯ ಅಸ್ಥಿರಜ್ಜು ಹರಿಯಬಹುದು. ಅಂಗಳವಿಲ್ಲದಿದ್ದರೆ ಹಜಾರದಲ್ಲಿ ಹಳೆಯ ಜಮಖಾನವನ್ನಾದರೂ ಹಾಸಿ.

ನಾಯಿಯ ಹಿಂದೆ ಓಡಬೇಡಿ. ಅದು ನಿಮ್ಮನ್ನೂ ಆಟಕ್ಕೆ ಸೇರಿಸಿಕೊಂಡು ಇನ್ನೂ ಜೋರಾಗಿ ಓಡುತ್ತದೆ. ಹಿಡಿಯಲೇಬೇಕಿದ್ದರೆ ವಿರುದ್ಧ ದಿಕ್ಕಿಗೆ ನಾಲ್ಕು ಹೆಜ್ಜೆ ನಡೆದು ಹೆಸರು ಹಿಡಿದು ಕರೆಯಿರಿ, ತಾನಾಗಿ ಹಿಂದೆ ಬರುತ್ತದೆ. ಬಡಿಯಬೇಡಿ. ಸಂತೋಷಪಟ್ಟಿದ್ದಕ್ಕೆ ಏಟು ತಿಂದ ನಾಯಿ ಕಲಿಯುವುದು ಒಂದೇ ಪಾಠ, ನಿಮ್ಮನ್ನು ಕಂಡರೆ ಹೆದರುವುದು.

ಮಕ್ಕಳಿಗೆ ಹೇಳಿಕೊಡಿ: ನಾಯಿ ಓಡುವಾಗ ಕಿರುಚಿ ಓಡಬಾರದು, ಕೈ ಕಟ್ಟಿಕೊಂಡು ಮರದ ಹಾಗೆ ನಿಲ್ಲಬೇಕು. ಮನೆಯಲ್ಲಿ ಹಿರಿಯರಿದ್ದರೆ ಅವರು ಗೋಡೆಗೆ ಒರಗಿ ನಿಲ್ಲಲಿ ಅಥವಾ ಕುರ್ಚಿಯಲ್ಲಿ ಕುಳಿತುಬಿಡಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮೂಳೆ ಟೊಳ್ಳಾದ ವಯಸ್ಸಿನಲ್ಲಿ ಇಪ್ಪತ್ತು ಕಿಲೋ ತೂಕದ ನಾಯಿ ಕಾಲಿಗೆ ಅಡ್ಡ ಬಂದರೆ ಸೊಂಟದ ಕೀಲಿನ ಮೂಳೆ ಮುರಿಯಲು ಅಷ್ಟು ಸಾಕು. ಅಂಥವರು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವುದನ್ನು ನನ್ನಂಥ ವೈದ್ಯರು ನೋಡುತ್ತಲೇ ಇರುತ್ತೇವೆ.

ಬೇಸಿಗೆಯ ಮಧ್ಯಾಹ್ನ ಆಟ ಬೇಡ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದಡಿಯಲ್ಲಿ ಮಾತ್ರ ಸ್ವಲ್ಪ ಬೆವರುತ್ತದೆ, ಉಳಿದಂತೆ ಏದುಸಿರೇ ಅದರ ಫ್ಯಾನು. ಮೂಗು ಚಪ್ಪಟೆಯಾದ ಪಗ್‌ನಂಥ ತಳಿಗಳಿಗೆ ಈ ಫ್ಯಾನೂ ದುರ್ಬಲ. ಮೈ ಸುಡುತ್ತಾ ನಾಯಿ ಕುಸಿದರೆ ನೆರಳಿಗೆ ತಂದು, ಮೈಗೆ ನಲ್ಲಿ ನೀರು ಸುರಿದು, ಗಾಳಿ ಬೀಸುತ್ತಾ ಆಸ್ಪತ್ರೆಗೆ ಒಯ್ಯಿರಿ. ಹೊಟ್ಟೆ ತುಂಬ ಉಂಡ ಕೂಡಲೇ ಕುಣಿಸುವುದೂ ಬೇಡ. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಜಠರ ಉಬ್ಬಿ ತಿರುಚಿಕೊಳ್ಳುವ ಮಾರಕ ತೊಂದರೆ ಬರುವುದುಂಟು.

ದಿನಕ್ಕೆ ನಾಲ್ಕೈದು ಬಾರಿ ಹೀಗೆ ಓಡುತ್ತಿದ್ದರೆ ಅದು ನಾಯಿ ನಿಮಗೆ ಸಲ್ಲಿಸುತ್ತಿರುವ ಅರ್ಜಿ ಎಂದು ತಿಳಿಯಿರಿ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನಡೆಸಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಯಜಮಾನರಿಗೆ ನಾನು ಕೊಡುವ ಸಲಹೆಯೂ ಇದೇ ಆದ್ದರಿಂದ ಒಂದೇ ಚೀಟಿಯಲ್ಲಿ ಇಬ್ಬರಿಗೂ ಔಷಧ ಬರೆದಂತಾಯಿತು.

ಹುಚ್ಚಿಲ್ಲ ಅಂದಮೇಲೆ ಸೂಜಿ ಯಾಕೆ?

ಮತ್ತೆ ಆ ಭಾನುವಾರಕ್ಕೆ ಬರೋಣ. ಟಾಮಿ ಆಡುತ್ತಿತ್ತು ಎಂದಾಗ ಮನೆಯವರ ಮುಖ ಅರಳಿತು. ಆದರೆ ನಾನು ರೇಬಿಸ್ ಲಸಿಕೆಯ ಚೀಟಿ ಬರೆಯತೊಡಗಿದಾಗ ಅಜ್ಜಿ ತಡೆದರು. "ಹುಚ್ಚಿಲ್ಲ ಅಂದ್ಯಲ್ಲಪ್ಪಾ, ಮತ್ತೆ ಮಗೂಗೆ ಸೂಜಿ ಯಾಕೆ?"

ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟೇ: ಟಾಮಿಗೆ ಅದುವರೆಗೆ ಒಮ್ಮೆಯೂ ರೇಬಿಸ್ ಲಸಿಕೆ ಹಾಕಿಸಿರಲಿಲ್ಲ, ಮತ್ತು ಅದು ಬೀದಿನಾಯಿಗಳೊಂದಿಗೆ ಬೆರೆಯುತ್ತಿತ್ತು. ರೋಗಲಕ್ಷಣ ಕಾಣುವ ಕೆಲವು ದಿನಗಳ ಮೊದಲೇ ನಾಯಿಯ ಜೊಲ್ಲಿನಲ್ಲಿ ವೈರಸ್ ಇರಬಹುದು. ನಾಯಿ ತನ್ನ ಪಾದವನ್ನು ನೆಕ್ಕಿಕೊಳ್ಳುತ್ತಲೇ ಇರುತ್ತದೆ. ಆದ್ದರಿಂದ ಉಗುರಿನ ಗೀರನ್ನೂ ಕಡಿತದಂತೆಯೇ ಎಣಿಸಬೇಕು. ಇವತ್ತಿನ ಆಟ ನಾಳೆಯ ಆರೋಗ್ಯಕ್ಕೆ ಸರ್ಟಿಫಿಕೇಟ್ ಅಲ್ಲ.

ಇದನ್ನು ಹೇಳುವಾಗ ನನ್ನ ಕಣ್ಣ ಮುಂದೆ ಬೇರೊಬ್ಬ ಮಗು ಇತ್ತು. 2003ರಲ್ಲಿ ನಾನು ಹೌಸ್ ಸರ್ಜನ್ ಆಗಿದ್ದಾಗ ಹತ್ತು ವರ್ಷದ ಹುಡುಗನೊಬ್ಬನನ್ನು ಕರೆತಂದಿದ್ದರು. ಎರಡು ದಿನದಿಂದ ನೀರು ಕುಡಿಯುತ್ತಿಲ್ಲ ಎಂದರು ತಂದೆ. ಲೋಟ ಹತ್ತಿರ ತಂದೊಡನೆ ಗಂಟಲು ಬಿಗಿದು ಹುಡುಗ ಬೆಚ್ಚಿಬಿದ್ದ. ವಿಚಾರಿಸಿದಾಗ, ಒಂದೂವರೆ ತಿಂಗಳ ಹಿಂದೆ ಆಟವಾಡುವಾಗ ಒಂದು ನಾಯಿಮರಿ ಕೈಗೆ ಹಲ್ಲು ತಾಗಿಸಿತ್ತೆಂದು ತಿಳಿಯಿತು. ಸಣ್ಣ ಗಾಯ, ಸುಣ್ಣ ಹಚ್ಚಿದ್ದರು. "ಮರಿ ಆಟ ಆಡ್ತಿತ್ತು ಸಾರ್" ಎಂದು ಆ ತಂದೆ ಮತ್ತೆ ಮತ್ತೆ ಹೇಳುತ್ತಿದ್ದರು. ಹುಡುಗ ಉಳಿಯಲಿಲ್ಲ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಬದುಕಿ ಉಳಿದವರು ತೀರಾ ವಿರಳ. ಆದರೆ ಸಕಾಲದಲ್ಲಿ ಕ್ರಮ ತೆಗೆದುಕೊಂಡರೆ ಇದನ್ನು ತಡೆಯಬಹುದು.

ಮಾಡಬೇಕಾದ್ದು ಸುಲಭ. ಕಡಿತ ಅಥವಾ ಗೀರು ಆದ ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಏನನ್ನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಲಸಿಕೆಯನ್ನು ಚರ್ಮದಲ್ಲಿ ಹಾಕುವುದಾದರೆ 0, 3, 7, 28ನೇ ದಿನ, ಸ್ನಾಯುವಿಗೆ ಹಾಕುವುದಾದರೆ 0, 3, 7, 14, 28ನೇ ದಿನ. ಮೊದಲ ಚುಚ್ಚುಮದ್ದಿನ ದಿನವೇ ಸೊನ್ನೆ. ರಕ್ತ ಬಂದ ಗಾಯವಾದರೆ ಗಾಯದೊಳಗೇ ಇಮ್ಯುನೊಗ್ಲಾಬ್ಯುಲಿನ್ ಎಂಬ ಮದ್ದನ್ನೂ ಕೊಡಬೇಕು. ಹೊಕ್ಕುಳ ಸುತ್ತ 14 ಚುಚ್ಚುವ ಹಳೆಯ ಲಸಿಕೆ 2004-05ರ ಹೊತ್ತಿಗೇ ನಮ್ಮ ದೇಶದಲ್ಲಿ ನಿಂತುಹೋಯಿತು. ಆ ಭಯದಿಂದ ಇನ್ನೂ ಆಸ್ಪತ್ರೆಗೆ ಬಾರದವರಿದ್ದಾರೆ. ಅವರಿಗೆ ಇದನ್ನು ಓದಿ ಹೇಳಿ. ನಾಯಿಯನ್ನು ಕೊಲ್ಲಬೇಡಿ, ಓಡಿಸಬೇಡಿ. ಕಟ್ಟಿ, ಊಟ ಹಾಕಿ, 10 ದಿನ ಗಮನಿಸಿ. ಅದು ಓಡಿಹೋದರೆ ನಿಜ ತಿಳಿಯುವ ದಾರಿಯೇ ಮುಚ್ಚಿದಂತೆ. ಆದರೆ ಹತ್ತು ದಿನ ಕಾದು ಆಮೇಲೆ ಲಸಿಕೆ ಹಾಕಿಸೋಣವೆಂದು ಕೂರಬೇಡಿ. ಗಮನಿಸುವುದೂ ಲಸಿಕೆಯೂ ಒಟ್ಟಿಗೇ ಶುರುವಾಗಬೇಕು.

ಇವೆಲ್ಲಕ್ಕಿಂತ ಮೊದಲು, ನಾಯಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ, ವೈದ್ಯರು ಹೇಳಿದಾಗ ಬೂಸ್ಟರ್, ಬಳಿಕ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ.

ಟಾಮಿ ಹತ್ತು ದಿನ ತೆಂಗಿನ ಮರದ ಕೆಳಗೆ ಉದ್ದನೆಯ ಹಗ್ಗದಲ್ಲಿ ಕಳೆಯಿತು. ಗೋಣಿಚೀಲ ಅದರ ಹಾಸಿಗೆಯಾಯಿತು. ಹನ್ನೊಂದನೆಯ ದಿನ ಅದಕ್ಕೂ ಲಸಿಕೆ ಹಾಕಿಸಿದರು. 28ನೇ ದಿನ ಕೊನೆಯ ಚುಚ್ಚುಮದ್ದಿಗೆ ಬಂದ ಮಗುವಿನ ಜೊತೆ ಅಜ್ಜಿಯೂ ಬಂದಿದ್ದರು. "ಹೇಗಿದ್ದಾನೆ ಅಜ್ಜಿ ನಿಮ್ಮ ಟಾಮಿ?" ಎಂದು ಕೇಳಿದೆ.

"ಅಯ್ಯೋ, ಸಂಜೆ ನಾನು ದೇವರ ದೀಪ ಹಚ್ಚೋದೇ ತಡ, ತುಳಸಿಕಟ್ಟೆಗೆ ನಾಲ್ಕು ಸುತ್ತು ಬಂದುಬಿಡ್ತಾನಪ್ಪಾ. ನನ್ನ ಕೈಲಿ ಒಂದು ಪ್ರದಕ್ಷಿಣೆ ಆಗಲ್ಲ, ಅವನು ನಾಲ್ಕು ಹಾಕ್ತಾನೆ. ಮೊನ್ನೆ ಒಂದಿನ ಓಡಲಿಲ್ಲ. ನಂಗೇ ಗಾಬರಿ ಆಗಿ ಪಶು ಡಾಕ್ಟ್ರಿಗೆ ಫೋನ್ ಮಾಡಿಸಿದೆ. ನೋಡಿದ್ರೆ ಪಾದದಲ್ಲಿ ಮುಳ್ಳು!"

ಅಜ್ಜಿ ಕಲಿತ ಪಾಠವೇ ಈ ಲೇಖನದ ಸಾರ. ಆರೋಗ್ಯವಾಗಿದ್ದಾಗ ನಾಯಿ ಹೇಗಿರುತ್ತದೆಂದು ತಿಳಿದವರಿಗೆ ಮಾತ್ರ ಅದರ ಅನಾರೋಗ್ಯ ಬೇಗ ತಿಳಿಯುತ್ತದೆ.